ಬೆರಳಿನ ಸುದ್ದಿ ಮಿದುಳಿಗೆ ಮುಟ್ಟಿತೇ? ಎಸ್‌ಎಸ್‌ಇಪಿ ಪರೀಕ್ಷೆ ನಡೆಯುವ ಬಗೆ

ತುಂಗಭದ್ರಾ ಎಡದಂಡೆ ಕಾಲುವೆಯ ಕೆಳಭಾಗದಲ್ಲಿ, ರಾಯಚೂರು ತಾಲ್ಲೂಕಿನ ಹೊಲಗಳಿಗೆ ನೀರು ಬಾರದಿದ್ದಾಗ ರೈತರು ಮೊದಲು ವಿಚಾರಿಸುವುದು ಮೈಲ್ 69ರಲ್ಲಿ ಗೇಜ್, ಅಂದರೆ ನೀರಿನ ಮಟ್ಟ, ಎಷ್ಟಿದೆ, ಮೈಲ್ 104ರಲ್ಲಿ ಎಷ್ಟಿದೆ ಎಂದು. ಮೇಲಿನ ಗೇಜ್ ಸರಿಯಿದ್ದು ಕೆಳಗಿನದು ಕುಸಿದಿದ್ದರೆ ತೊಡಕು ಆ ಎರಡರ ನಡುವೆಯೇ ಇದೆ. ಕೈಕಾಲುಗಳ ಸ್ಪರ್ಶದ ಸುದ್ದಿ ನರ ಮತ್ತು ಬೆನ್ನುಹುರಿಯ ಮೂಲಕ ಮಿದುಳಿಗೆ ಮುಟ್ಟುತ್ತಿದೆಯೇ ಎಂದು ನೋಡುವ ಎಸ್‌ಎಸ್‌ಇಪಿ, ಅಂದರೆ ಸೊಮ್ಯಾಟೊಸೆನ್ಸರಿ ಇವೋಕ್ಡ್ ಪೊಟೆನ್ಶಿಯಲ್ ಪರೀಕ್ಷೆಯೂ ಇದೇ ಲೆಕ್ಕದ್ದು. ಎಂಆರ್‌ಐ ಕಾಲುವೆಯನ್ನು ತೋರಿಸಿದರೆ, ಇದು ಹರಿವನ್ನು ಅಳೆಯುತ್ತದೆ.

ಪರೀಕ್ಷೆಗೆ ಬರುವವರು ಹಿಂದಿನ ದಿನ ತಲೆ ತೊಳೆದುಕೊಂಡು, ಮತ್ತೆ ಎಣ್ಣೆ ಹಚ್ಚದೆ ಬರಬೇಕು. ಎಣ್ಣೆಯ ಪಸೆಯಿದ್ದರೆ ವಿದ್ಯುತ್ ಸುದ್ದಿಯನ್ನು ಹಿಡಿಯುವ ಪುಟ್ಟ ಬಿಲ್ಲೆ, ಅಂದರೆ ಎಲೆಕ್ಟ್ರೋಡ್, ನೆತ್ತಿಗೆ ಸರಿಯಾಗಿ ಅಂಟುವುದಿಲ್ಲ. ಪೇಸ್‌ಮೇಕರ್ ಹಾಕಿಸಿಕೊಂಡವರು ಅದನ್ನು ಮೊದಲೇ ತಿಳಿಸಬೇಕು. ಕೈಕಾಲು ತಣ್ಣಗಿದ್ದರೆ ನರದ ವೇಗ ತಗ್ಗುತ್ತದೆ. ನಮ್ಮ ಕಡೆಯ ಬಿಸಿಲಿನಲ್ಲಿ ಇದು ಬೇಡದ ಮಾತೆನಿಸಬಹುದು, ಆದರೆ ಎಸಿ ಕೋಣೆಯಲ್ಲಿ ಅರ್ಧ ಗಂಟೆ ಮಲಗಿದವರಿಗೆ ಕಂಬಳಿ ಹೊದಿಸಲೇಬೇಕು.

ನೆತ್ತಿ, ಕತ್ತಿನ ಹಿಂಭಾಗ ಮತ್ತು ಕೊರಳೆಲುಬಿನ ಮೇಲೆ ಎಲೆಕ್ಟ್ರೋಡ್ ಅಂಟಿಸಿದ ನಂತರ ಮಣಿಕಟ್ಟಿನ ಮೀಡಿಯನ್ ನರಕ್ಕೆ ಸಣ್ಣ ವಿದ್ಯುತ್ ಮಿಡಿತಗಳನ್ನು ಕೊಡುತ್ತಾರೆ. ಹೆಬ್ಬೆರಳು ತನ್ನಷ್ಟಕ್ಕೆ ಮೆಲ್ಲಗೆ ಅದುರುವವರೆಗೆ ಪ್ರಮಾಣವನ್ನು ಏರಿಸಲಾಗುತ್ತದೆ. ಕಾಲಿನ ಪರೀಕ್ಷೆಯಾದರೆ ಕಣಕಾಲಿನ ಒಳಬದಿಯ ಗಿಣ್ಣಿನ ಹಿಂದೆ ಮಿಡಿತ ಕೊಡುತ್ತಾರೆ, ಆಗ ಕಾಲಿನ ಹೆಬ್ಬೆರಳು ಮಡಚುತ್ತದೆ. ಜುಮ್ಮೆನ್ನುವುದು ನಿಜ, ಆದರೆ ಅಪಾಯವಿಲ್ಲ. ಹೆದರಿ ಹಲ್ಲು ಕಚ್ಚಿದರೆ ದವಡೆಯ ಸ್ನಾಯುಗಳ ವಿದ್ಯುತ್ತು ಪರದೆಯ ಮೇಲೆ ಮೂಡುವ ಅಲೆಯನ್ನೆಲ್ಲ ಕಲಕಿಬಿಡುತ್ತದೆ. ‘ಯವ್ವಾ, ಹಲ್ಲು ಕಚ್ಚಬ್ಯಾಡ್ರಿ, ದವಡಿ ಸಡ್ಲ ಬಿಡ್ರಿ’ ಎಂದು ಒಂದು ಮಾತು ಹೇಳಿದರೆ ಅಲೆ ತಿಳಿಯಾಗುತ್ತದೆ.

ಮಿದುಳಿನ ಸಹಜ ವಿದ್ಯುತ್ ಚಟುವಟಿಕೆ ಹತ್ತಾರು ಮೈಕ್ರೊವೋಲ್ಟ್‌ಗಳಷ್ಟಿದ್ದರೆ ನಮಗೆ ಬೇಕಾದ ಅಲೆ ಕೆಲವೇ ಮೈಕ್ರೊವೋಲ್ಟ್‌ನದು. ಆದ್ದರಿಂದ ಸೆಕೆಂಡಿಗೆ 3ರಿಂದ 5ರಂತೆ ನೂರಾರು ಮಿಡಿತಗಳನ್ನು ಕೊಟ್ಟು, ಪ್ರತಿಯೊಂದರ ಉತ್ತರವನ್ನೂ ಸೇರಿಸಿ ಸರಾಸರಿ ತೆಗೆಯುತ್ತಾರೆ. ಲಂಡನ್ನಿನ ಸಂಶೋಧಕ ಜಾರ್ಜ್ ಡಾಸನ್ 1947ರಲ್ಲಿ ಇಂತಹ ಅಲೆಗಳನ್ನು ಒಂದರ ಮೇಲೊಂದು ಛಾಯಾಚಿತ್ರದಲ್ಲಿ ಮೂಡಿಸಿ ತೋರಿಸಿದ್ದರು. ಮಣಿಕಟ್ಟಿನಿಂದ ಹೊರಟ ಸುದ್ದಿ ಸುಮಾರು 20 ಮಿಲಿಸೆಕೆಂಡಿಗೆ ಮಿದುಳಿನ ಹೊರಪದರಕ್ಕೆ ಮುಟ್ಟುತ್ತದೆ. ಕಾಲಿನಿಂದಾದರೆ 37ರ ಆಸುಪಾಸು, ಎತ್ತರದ ಆಳಾದರೆ ಇನ್ನಷ್ಟು ತಡ. ಕೊರಳೆಲುಬಿನಲ್ಲಿ ಅಲೆ ಸರಿಯಾದ ಹೊತ್ತಿಗೆ ಕಂಡು ಕತ್ತಿನಿಂದ ಮುಂದಕ್ಕೆ ತಡವಾದರೆ ದೋಷ ತೋಳಿನ ನರದಲ್ಲಿಲ್ಲ. ನರಗಳ ಹೊದಿಕೆಯನ್ನು ಕೆಡಿಸುವ ಮಲ್ಟಿಪಲ್ ಸ್ಕ್ಲೆರೋಸಿಸ್ ಕಾಯಿಲೆ, ಬಿ12 ಕೊರತೆ, ಕತ್ತಿನಲ್ಲಿ ಬೆನ್ನುಹುರಿ ಒತ್ತಿರುವುದು ಇವೆಲ್ಲ ಇಂತಹ ತಡಕ್ಕೆ ಕಾರಣವಾಗಬಹುದು.

ಹೃದಯಸ್ತಂಭನದ ನಂತರ ಎಚ್ಚರಗೊಳ್ಳದ ರೋಗಿಯಲ್ಲಿ ಎರಡೂ ಬದಿಯ 20 ಮಿಲಿಸೆಕೆಂಡಿನ ಅಲೆ ಇಲ್ಲವಾಗಿದ್ದರೆ ಅದು ಗಂಭೀರ ಸೂಚನೆ. ಆದರೂ ಇತರ ಪರೀಕ್ಷೆಗಳ ಜೊತೆಗಿಟ್ಟೇ ಅದನ್ನು ಓದಬೇಕು. ಅಲೆ ಇದ್ದ ಮಾತ್ರಕ್ಕೆ ಚೇತರಿಕೆ ಖಚಿತ ಎಂದು ಮನೆಯವರಿಗೆ ಭರವಸೆ ಕೊಡುವುದೂ ತಪ್ಪು.

ಈ ಪರೀಕ್ಷೆಯ ಬೆಲೆ ನನಗೆ ಹೆಚ್ಚು ಕಾಣುವುದು ಆಪರೇಷನ್ ಥಿಯೇಟರಿನಲ್ಲಿ. ಗೂನುಬೆನ್ನನ್ನು ರಾಡ್ ಹಾಕಿ ನೇರ ಮಾಡುವಾಗ ಅರಿವಳಿಕೆಯಲ್ಲಿರುವ ಮಗು ‘ಕಾಲು ಜೋಮು ಹಿಡಿಯಿತು’ ಎಂದು ಹೇಳಲಾರದು. ಅದರ ಪರವಾಗಿ ಈ ಅಲೆ ಮಾತನಾಡುತ್ತದೆ. ಅರಿವಳಿಕೆ ಕೊಟ್ಟ ಮೇಲೆ ಮೊದಲ ಅಲೆಯನ್ನು ದಾಖಲಿಸಿ, ಮುಂದಿನದನ್ನೆಲ್ಲ ಅದಕ್ಕೇ ಹೋಲಿಸುತ್ತಾರೆ. ಅಲೆಯ ಎತ್ತರ 50 ಪ್ರತಿಶತ ತಗ್ಗಿದರೆ ಅಥವಾ ತಲುಪುವ ಹೊತ್ತು 10 ಪ್ರತಿಶತ ಹೆಚ್ಚಿದರೆ ಕೂಡಲೇ ಶಸ್ತ್ರವೈದ್ಯರಿಗೆ ತಿಳಿಸಬೇಕು. ಎಲೆಕ್ಟ್ರೋಡ್ ಕಳಚಿದೆಯೇ, ರಕ್ತದೊತ್ತಡ ಇಳಿದಿದೆಯೇ, ಅರಿವಳಿಕೆಯ ಅನಿಲ ಹೆಚ್ಚಾಯಿತೇ ಎಂದು ಒಂದೆಡೆ ಪರಿಶೀಲಿಸುತ್ತಿರುವಾಗ ಇನ್ನೊಂದೆಡೆ ರಾಡಿನ ಬಿಗಿಯನ್ನು ಸಡಿಲಿಸಬೇಕಾಗಬಹುದು. ಅನಿಲಗಳು ಮಿದುಳಿನ ಅಲೆಯನ್ನು ಕುಗ್ಗಿಸುವುದರಿಂದ ರಕ್ತನಾಳದ ಮೂಲಕ ಕೊಡುವ ಪ್ರೊಪೊಫಾಲ್ ಔಷಧ ಆಧಾರಿತ ಅರಿವಳಿಕೆಗೆ ಇಲ್ಲಿ ಆದ್ಯತೆ.

ಒಂದು ಮಿತಿಯನ್ನು ರೋಗಿಯ ಕಡೆಯವರು ಅರಿತಿರಬೇಕು. ಈ ಅಲೆ ಸಾಗುವುದು ಬೆನ್ನುಹುರಿಯ ಹಿಂಭಾಗದಲ್ಲಿ. ಕೈಕಾಲು ಆಡಿಸುವ ಆಜ್ಞೆ ಇಳಿಯುವ ದಾರಿ ಬೇರೆ, ಅದರ ರಕ್ತಪೂರೈಕೆಯೂ ಬಹುಪಾಲು ಮುಂಭಾಗದ ರಕ್ತನಾಳದ್ದು. ಅಲ್ಲಿ ಪೆಟ್ಟಾದರೆ ಎಸ್‌ಎಸ್‌ಇಪಿ ಸರಿಯಾಗಿಯೇ ಕಾಣಬಹುದು. ಹಾಗಾಗಿ ಬೆನ್ನಿನ ದೊಡ್ಡ ಶಸ್ತ್ರಚಿಕಿತ್ಸೆಗೆ ಒಪ್ಪಿಗೆ ಸಹಿ ಹಾಕುವ ಮುನ್ನ, ಚಲನೆಯ ದಾರಿಯನ್ನು ನೋಡುವ ಎಂಇಪಿಯನ್ನೂ ಜೊತೆಗೆ ಮಾಡುತ್ತಾರೆಯೇ ಎಂದು ವೈದ್ಯರನ್ನು ಕೇಳಿರಿ, ಮತ್ತು ಈಗಾಗಲೇ ಎಲ್ಲೆಲ್ಲಿ ಜೋಮು ಇದೆ ಎಂಬುದನ್ನು ಬೆರಳಿಟ್ಟು ತೋರಿಸಿರಿ.