ಅರ್ಧ ಮಾರಿದರೂ ಅಸಲು ಕೈಗೆ ಬರಲಿಲ್ಲ

2021ರ ನವೆಂಬರ್‌ನಲ್ಲಿ ಬಿಟ್‌ಕಾಯಿನ್ ಎಂಬ ಕ್ರಿಪ್ಟೋ (ಡಿಜಿಟಲ್) ನಾಣ್ಯದ ದರ 69 ಸಾವಿರ ಡಾಲರ್ ಸಮೀಪಿಸಿದಾಗ ನಾನು ಉಡುಪಿಯ ರಥಬೀದಿಯಲ್ಲಿ ಚಹಾ ಕುಡಿಯುತ್ತ ಮೊಬೈಲಿನಲ್ಲಿ ಲಾಭ ಎಣಿಸುತ್ತಿದ್ದೆ. ಎಣಿಸಿದ್ದೇ ಬಂತು, ಮಾರಲಿಲ್ಲ. ಮರುವರ್ಷ ಅದೇ ತಿಂಗಳು ಅದು 16 ಸಾವಿರಕ್ಕೂ ಕೆಳಗಿಳಿಯಿತು.

ಕಾರ್ಕಳದ ಬಳಿ ತೋಟ ನೋಡಿಕೊಳ್ಳುವ ಅಪ್ಪ ಚಾಲಿ ಅಡಿಕೆಯನ್ನು ಎಂದೂ ಒಟ್ಟಿಗೆ ಮಾರಿದವರಲ್ಲ. ಮಳೆಗೆ ಮೊದಲು ಕೊಳೆರೋಗ ತಡೆಯುವ ಬೋರ್ಡೋ ದ್ರಾವಣದ ಸಿಂಪಡಣೆಯ ಕೂಲಿಗೆಂದು ಕೆಲವು ಚೀಲ, ಚೌತಿಯ ಹೊತ್ತಿಗೆ ಇನ್ನಷ್ಟು. ಉಳಿದದ್ದು ಹಳೆಯದಾಗಲಿ ಎಂದು ಅಟ್ಟದಲ್ಲಿ. ಇದನ್ನು ಬಾಲ್ಯದಿಂದ ನೋಡಿಯೂ ನನಗೆ ಬುದ್ಧಿ ಬಂದದ್ದು ಕೈ ಸುಟ್ಟುಕೊಂಡ ಮೇಲೆ.

2023ರ ಸೆಪ್ಟೆಂಬರ್‌ನಲ್ಲಿ ದರ 26 ಸಾವಿರ ಡಾಲರ್ ಆಸುಪಾಸಿನಲ್ಲಿದ್ದಾಗ ಮತ್ತೆ 2 ಲಕ್ಷ ರೂಪಾಯಿ ಹಾಕಿದೆ. ಈ ಸಲ ಕೊಳ್ಳುವ ಮೊದಲೇ ಡೈರಿಯಲ್ಲಿ ಬರೆದಿಟ್ಟೆ: ಇಮ್ಮಡಿಯಾದರೆ ಅರ್ಧ, ಮುಮ್ಮಡಿಯಾದರೆ ಕಾಲು ಮಾರುವುದು. ಕೊನೆಯ ಕಾಲು ಭಾಗವನ್ನು, ಆಮೇಲೆ ಮುಟ್ಟಿದ ಗರಿಷ್ಠ ದರದಿಂದ ಶೇ 20ರಷ್ಟು ಕುಸಿದ ದಿನ.

ಮುಂದಿನ ಫೆಬ್ರುವರಿಯಲ್ಲಿ 52 ಸಾವಿರ ಬಂತು, ಅರ್ಧ ಮಾರಿದೆ. ಅಸಲು ಮರಳಿತು ಎಂದು ಹಿಗ್ಗಿದೆ. ತೆರಿಗೆಯ ಲೆಕ್ಕ ಹಾಕಿದಾಗ ಹಿಗ್ಗು ಇಳಿಯಿತು. 2022ರ ಏಪ್ರಿಲ್‌ನಿಂದ ಕ್ರಿಪ್ಟೋ ಲಾಭಕ್ಕೆ ಶೇ 30 ತೆರಿಗೆ, ಅದರ ಮೇಲೆ ಶೇ 4 ಸೆಸ್. ಕೈಗೆ ಬಂದ 2 ಲಕ್ಷದಲ್ಲಿ ಲಾಭ 1 ಲಕ್ಷ, ಅದರಲ್ಲಿ 31,200 ಸರ್ಕಾರಕ್ಕೆ. ಉಳಿದದ್ದು 1,68,800. ಮಾರಿದ ಮೊತ್ತದಲ್ಲಿ ಶೇ 1ರಷ್ಟು ಟಿಡಿಎಸ್ ಮೊದಲೇ ಮುರಿದುಕೊಂಡಿರುತ್ತಾರೆ, ಅದು ಈ ತೆರಿಗೆಗೇ ಜಮೆಯಾಗುತ್ತದೆ. ಇಮ್ಮಡಿಯಲ್ಲಿ ಅಸಲು ಪೂರ್ತಿ ಬರಬೇಕಾದರೆ ಸುಮಾರು ಶೇ 59 ಮಾರಬೇಕು. ‘ಡಬಲ್ ಆದಾಗ ಅರ್ಧ ಮಾರು’ ಎನ್ನುವವರು ಈ ಗುಣಾಕಾರ ಮಾಡಿರುವುದಿಲ್ಲ. ಇನ್ನೊಂದು ಕಾಯಿನ್‌ನಲ್ಲಿ ಆಗಿದ್ದ ನಷ್ಟವನ್ನಾದರೂ ಕಳೆಯೋಣವೆಂದರೆ ಕಾನೂನು ಅದಕ್ಕೂ ಬಿಡುವುದಿಲ್ಲ.

ಮಾರ್ಚ್‌ನಲ್ಲಿ ದರ 73 ಸಾವಿರ ದಾಟಿತು. ನನ್ನ ಎರಡನೆಯ ಗುರಿ 78 ಸಾವಿರ. ಇಷ್ಟು ಹತ್ತಿರ ಬಂದು ಆಗಸ್ಟ್‌ನಲ್ಲಿ ಒಂದು ದಿನ 50 ಸಾವಿರಕ್ಕೂ ಕೆಳಗೆ ಇಳಿದಾಗ ಡೈರಿಯನ್ನು ಹರಿದುಹಾಕೋಣ ಎನಿಸಿತು. ಅರ್ಧದ ಹಣ ಬ್ಯಾಂಕಿನಲ್ಲಿತ್ತು, ಹಾಗಾಗಿ ನಿದ್ದೆ ಬಂತು. ನವೆಂಬರ್‌ನಲ್ಲಿ 78 ಸಾವಿರ ಸಿಕ್ಕಿತು.

ಕೊನೆಯ ಪಾಲು 2025ರ ಜನವರಿಯಲ್ಲಿ 1.09 ಲಕ್ಷ ಡಾಲರ್‌ವರೆಗೆ ಹೋಗಿ, ಫೆಬ್ರುವರಿ ಕೊನೆಯಲ್ಲಿ 87 ಸಾವಿರಕ್ಕೆ ಬಂತು. ಮಾರಿದೆ. ಅಕ್ಟೋಬರ್‌ನಲ್ಲಿ ದರ 1.26 ಲಕ್ಷ ಮುಟ್ಟಿದಾಗ ಹೊಟ್ಟೆ ಉರಿಯಲಿಲ್ಲ ಎಂದರೆ ಸುಳ್ಳಾಗುತ್ತದೆ. ಅಷ್ಟು ಹೊತ್ತಿಗೆ ಆ ಹಣ ಅಡಿಕೆ ಸುಲಿಯುವ ಯಂತ್ರವಾಗಿ ಅಪ್ಪನ ಕೊಟ್ಟಿಗೆ ಸೇರಿತ್ತು.