ಮೊದಲ ಒಂದು ಗಂಟೆ ಬೀದಿಯವರದ್ದೇ: ನೆರೆಹೊರೆಯ ರಕ್ಷಣಾ ತಂಡ ಕಟ್ಟುವುದು ಹೇಗೆ?

ನಮ್ಮ ಊರುಗಳಲ್ಲಿ ಅನಾಹುತ ಆದಾಗ ಜನಕ್ಕೆ ಕೊರತೆ ಇರುವುದಿಲ್ಲ. ಗೋಡೆ ಬಿದ್ದ ಸದ್ದು ಕೇಳಿದರೆ ಸಾಕು, ಇಡೀ ಬೀದಿ ಓಡಿ ಬರುತ್ತದೆ. ಒಬ್ಬರು ಕಲ್ಲು ಎತ್ತುತ್ತಾರೆ, ಇನ್ನೊಬ್ಬರು ಒಳಗೆ ಸಿಕ್ಕಿದವರ ಕೈ ಹಿಡಿದು ಎಳೆಯುತ್ತಾರೆ. ಯಾರೋ ಫೋನ್ ಮಾಡಿರಬೇಕು ಅಂದುಕೊಂಡು ಎಷ್ಟೋ ಸಲ ಯಾರೂ ಮಾಡಿರುವುದಿಲ್ಲ. ಸಹಾಯ ಮಾಡುವ ಮನಸ್ಸು ಎಲ್ಲರಿಗೂ ಇದೆ. ಯಾರು ಯಾವ ಕೆಲಸ ಹಿಡಿಯಬೇಕು ಅನ್ನುವುದನ್ನು ಮೊದಲೇ ಮಾತಾಡಿಕೊಂಡಿಲ್ಲ, ಅಷ್ಟೇ. ಓಡಿ ಬಂದ ಈ ಗುಂಪನ್ನು ತಂಡವಾಗಿ ಮಾಡುವುದೇ ತರಬೇತಿಯ ಕೆಲಸ.

ಚಿಕ್ಕಬಳ್ಳಾಪುರ ಜಿಲ್ಲೆಯ 2021ನೇ ಇಸವಿಯನ್ನು ನೆನೆಸಿಕೊಳ್ಳಿ. ಫೆಬ್ರವರಿಯಲ್ಲಿ ಹಿರೇನಾಗವಲ್ಲಿ ಬಳಿ ಜಿಲೆಟಿನ್ ಸ್ಫೋಟಿಸಿ ಆರು ಜನ ಪ್ರಾಣ ಕಳೆದುಕೊಂಡರು. ಆಗಸ್ಟ್‌ನಲ್ಲಿ ಗುಡ್ಡ ಕುಸಿದು ನಂದಿ ಬೆಟ್ಟದ ರಸ್ತೆ ಮುಚ್ಚಿಹೋಯಿತು. ನವೆಂಬರ್ ಮಳೆಗೆ ಕೆರೆಗಳು ಕೋಡಿ ಬಿದ್ದವು, ಹಳೆಯ ಮನೆಗಳ ಗೋಡೆಗಳು ನೆನೆದು ಕುಸಿದವು. ಡಿಸೆಂಬರ್ 22ರಂದು ಸುಮಾರು 3ರ ತೀವ್ರತೆಯಲ್ಲಿ ಭೂಮಿ ನಡುಗಿತು. ಬರದ ಜಿಲ್ಲೆ, ಇಲ್ಲಿ ಏನಾಗುತ್ತೆ ಬಿಡಿ ಅನ್ನುವಂತಿಲ್ಲ, ಅಲ್ವಾ?

ಜನಸಾಮಾನ್ಯರಿಗೆ ಇಂಥ ತರಬೇತಿ ಕೊಡುವ ಪದ್ಧತಿಯನ್ನು 1985ರಲ್ಲಿ ಅಮೆರಿಕದ ಲಾಸ್ ಏಂಜಲೀಸ್ ನಗರದ ಅಗ್ನಿಶಾಮಕ ಇಲಾಖೆ ಶುರು ಮಾಡಿತು. ಅದೇ ವರ್ಷ ಮೆಕ್ಸಿಕೊ ಸಿಟಿಯ ಭೂಕಂಪದಲ್ಲಿ ಸಾಮಾನ್ಯ ಜನರೇ ಸೇರಿ ಸುಮಾರು 800 ಮಂದಿಯನ್ನು ಅವಶೇಷಗಳಿಂದ ಹೊರಗೆಳೆದಿದ್ದರು. ಆದರೆ ಹಾಗೆ ಕಾಪಾಡಲು ಹೋದವರಲ್ಲಿ ಸುಮಾರು 100 ಮಂದಿ ಸತ್ತರು. ಈ ಎರಡನೇ ಸಂಖ್ಯೆಯನ್ನು ತರಬೇತಿಯ ಮೊದಲ ದಿನವೇ ಹೇಳಿ. ನಮ್ಮಲ್ಲೂ ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರ 2016ರಲ್ಲಿ 'ಆಪದ ಮಿತ್ರ' ಯೋಜನೆ ಆರಂಭಿಸಿತು. ಮುಂದೆ ಅದು 350 ಜಿಲ್ಲೆಗಳಲ್ಲಿ ಒಂದು ಲಕ್ಷ ಸ್ವಯಂಸೇವಕರ ಗುರಿಗೆ ಬೆಳೆಯಿತು. ಆದರೆ ನಿಮ್ಮ ಬೀದಿಗೆ ನಿಮ್ಮ ಬೀದಿಯವರೇ ಬೇಕು.

ಹೆಜ್ಜೆ 1: ಜನರನ್ನು ಆರಿಸಿ

ಒಂದು ಬೀದಿಗೆ 15ರಿಂದ 20 ಜನ ಸಾಕು. ಹುಡುಗರನ್ನಷ್ಟೇ ಸೇರಿಸಿದರೆ ಹಗಲು ಹೊತ್ತು ಬೀದಿಯಲ್ಲಿ ಯಾರೂ ಇರುವುದಿಲ್ಲ. ಎಲ್ಲರೂ ಬೆಂಗಳೂರಿನ ಬಸ್ಸೋ ರೈಲೋ ಹತ್ತಿರುತ್ತಾರೆ. ಹಗಲು ಮನೆಯಲ್ಲಿರುವ ಹೆಣ್ಣುಮಕ್ಕಳು, ಅಂಗಡಿಯವರು, ನಿವೃತ್ತರು ತಂಡದಲ್ಲಿ ಅರ್ಧದಷ್ಟಾದರೂ ಇರಲಿ. ಸ್ತ್ರೀಶಕ್ತಿ ಸಂಘ, ಗಣೇಶೋತ್ಸವ ಸಮಿತಿ, ಮಸೀದಿ ಕಮಿಟಿ ಎಲ್ಲರಿಗೂ ಹೇಳಿ ಕಳಿಸಿ.

ನಾಲ್ಕು ಜನರನ್ನು ಮಾತ್ರ ಹುಡುಕಿಕೊಂಡು ಹೋಗಿ ಕರೆಯಿರಿ: ಗಾರೆ ಮೇಸ್ತ್ರಿ, ಎಲೆಕ್ಟ್ರಿಷಿಯನ್, ಆಶಾ ಕಾರ್ಯಕರ್ತೆ, ನೀರುಗಂಟಿ. ಯಾವ ಗೋಡೆ ಯಾವ ಭಾರ ಹೊತ್ತಿದೆ ಅನ್ನುವುದು ಮೇಸ್ತ್ರಿಗೆ ನೋಡಿದ ತಕ್ಷಣ ಗೊತ್ತಾಗುತ್ತದೆ. ಯಾರ ಮನೆಯಲ್ಲಿ ಬಾಣಂತಿ ಇದ್ದಾರೆ, ಯಾರು ಹಾಸಿಗೆ ಹಿಡಿದಿದ್ದಾರೆ ಅನ್ನುವುದು ಆಶಾ ಅಕ್ಕನಿಗೆ ಗೊತ್ತು. ಅಂಥ ತಿಳಿವಳಿಕೆ ಯಾವ ಪುಸ್ತಕದಲ್ಲೂ ಸಿಗುವುದಿಲ್ಲ.

ಬಾಗೇಪಲ್ಲಿ ಕಡೆ ತೆಲುಗು, ಶಿಡ್ಲಘಟ್ಟ, ಚಿಂತಾಮಣಿಯ ಕೆಲವು ಮೊಹಲ್ಲಾಗಳಲ್ಲಿ ಉರ್ದು ಮನೆಮಾತು. ಗಾಬರಿಯಲ್ಲಿ ಇರುವವರಿಗೆ ಮನೆಮಾತಿನಲ್ಲಿ ಹೇಳಿದ್ದು ಬೇಗ ಕಿವಿಗೆ ಬೀಳುತ್ತದೆ. ಆ ಭಾಷೆಗಳಲ್ಲಿ ಕೂಗಿ ಹೇಳಬಲ್ಲವರು ತಂಡದಲ್ಲಿ ಇರಲೇಬೇಕು.

ಇದರ ಜೊತೆಗೆ ಹತ್ತಿರದ ಅಗ್ನಿಶಾಮಕ ಠಾಣೆಗೆ ಒಂದು ಮನವಿ ಕೊಡಿ. ಜಿಲ್ಲಾಧಿಕಾರಿಯೇ ಅಧ್ಯಕ್ಷರಾಗಿರುವ ಜಿಲ್ಲಾ ವಿಪತ್ತು ನಿರ್ವಹಣಾ ಪ್ರಾಧಿಕಾರಕ್ಕೂ ಪತ್ರ ಬರೆಯಿರಿ. ಬೆಂಕಿ ಮತ್ತು ಹಗ್ಗದ ಪಾಠವನ್ನು ಅಗ್ನಿಶಾಮಕ ಸಿಬ್ಬಂದಿಯಿಂದ, ಗಾಯದ ಪಾಠವನ್ನು ವೈದ್ಯರು ಅಥವಾ ನರ್ಸ್‌ಗಳಿಂದಲೇ ಮಾಡಿಸಿ. ಸುಮ್ನೆ ವಿಡಿಯೊ ನೋಡಿ ಕಲಿತರೆ ಕೈಗೆ ಬರುವುದಿಲ್ಲ. ಆರು ಭಾನುವಾರ, ದಿನಕ್ಕೆ ಮೂರು ಗಂಟೆ ಇಟ್ಟುಕೊಂಡರೆ ಮುಖ್ಯ ಪಾಠಗಳು ಮುಗಿಯುತ್ತವೆ.

ಹೆಜ್ಜೆ 2: ಬೀದಿಯನ್ನು ನಡೆದು ನೋಡಿ

ಮೊದಲ ಭಾನುವಾರ ತರಗತಿ ಬೇಡ. ಎಲ್ಲರೂ ಸೇರಿ ಬೀದಿಯನ್ನು ಈ ತುದಿಯಿಂದ ಆ ತುದಿಗೆ ನಡೆಯಿರಿ. ಡ್ರಾಯಿಂಗ್ ಶೀಟಿನಲ್ಲಿ ಮನೆ ಮನೆಯನ್ನೂ ಗುರುತು ಮಾಡಿ. ಟ್ರಾನ್ಸ್‌ಫಾರ್ಮರ್ ಎಲ್ಲಿದೆ, ಬೋರ್‌ವೆಲ್ ಎಲ್ಲಿದೆ, ಯಾವ ಗಲ್ಲಿಗೆ ಆಂಬುಲೆನ್ಸ್ ನುಗ್ಗುವುದಿಲ್ಲ, ಯಾವ ಮಣ್ಣಿನ ಗೋಡೆ ಈಗಾಗಲೇ ವಾಲಿದೆ ಎಂದು ಬರೆದುಕೊಳ್ಳಿ. ಶಿಡ್ಲಘಟ್ಟದಲ್ಲಾದರೆ ಮನೆಗಳ ಮಧ್ಯೆಯೇ ಇರುವ ರೇಷ್ಮೆ ನೂಲು ಬಿಚ್ಚಾಣಿಕೆ ಘಟಕಗಳ ಒಲೆ, ಬಾಯ್ಲರ್‌ಗಳನ್ನು ಮರೆಯಬೇಡಿ. ಹಾರೆ, ಸಲಿಕೆ, ಬಾಂಡ್ಲಿ, ಏಣಿ, ಜನರೇಟರ್ ಯಾರ ಮನೆಯಲ್ಲಿವೆ, ಟಾಟಾ ಏಸ್ ಯಾರ ಹತ್ತಿರ ಇದೆ ಎನ್ನುವುದೂ ಬೇಕು. ಹೊಸದಾಗಿ ಕೊಳ್ಳುವುದು ಕಡಿಮೆಯೇ: ಹೆಲ್ಮೆಟ್, ದಪ್ಪ ಗ್ಲೌಸ್, ಟಾರ್ಚ್, ಸೀಟಿ, ಮಾಸ್ಕ್, ಒಂದು ಒಳ್ಳೆಯ ಹಗ್ಗ.

ಹೆಜ್ಜೆ 3: ನಿಲ್ಲುವುದನ್ನು ಕಲಿಸಿ

ಇದೇ ಎಲ್ಲಕ್ಕಿಂತ ಕಷ್ಟದ ಪಾಠ. ಒಳಗಿನಿಂದ ಯಾರೋ ಕೂಗುತ್ತಿದ್ದಾರೆ, ಹೊರಗೆ ನಿಂತವರಿಗೆ ಕಾಲು ನಿಲ್ಲುವುದಿಲ್ಲ. ಆದರೂ ಹೊಸ್ತಿಲ ಹೊರಗೆ ಅರ್ಧ ನಿಮಿಷ ನಿಂತು ನೋಡಬೇಕು. ಕರೆಂಟ್ ತಂತಿ ಬಿದ್ದಿದೆಯಾ? ಗ್ಯಾಸ್ ವಾಸನೆ ಬರುತ್ತಿದೆಯಾ? ಮೇಲಿನಿಂದ ಇನ್ನೇನಾದರೂ ಬೀಳುವಂತಿದೆಯಾ? ಕಟ್ಟಡ ವಾಲಿದ್ದರೆ, ಕಂಬ ಮುರಿದಿದ್ದರೆ ಯಾರೂ ಒಳಗೆ ಹೋಗುವ ಹಾಗಿಲ್ಲ. ಗಟ್ಟಿಯಾಗಿರುವ ಕಟ್ಟಡಕ್ಕೂ ಇಬ್ಬರಿಬ್ಬರಾಗಿಯೇ ಹೋಗಬೇಕು, ಒಬ್ಬರು ಹೊರಗೆ ನಿಂತು ಹೆಸರು, ಸಮಯ ಬರೆದುಕೊಳ್ಳಬೇಕು.

ಕ್ವಾರಿ ಇರುವ ಊರುಗಳಲ್ಲಿ ಇನ್ನೊಂದು ಮಾತು ಸೇರಿಸಿ. ಗುರುತಿಲ್ಲದ ಕಡ್ಡಿ, ವೈರು, ಪೆಟ್ಟಿಗೆ ಕಂಡರೆ ಮುಟ್ಟಬೇಡಿ, ಸರಿಸಬೇಡಿ. ದೂರ ಹೋಗಿ 112ಕ್ಕೆ ಫೋನ್ ಮಾಡಿ.

ತಂತಿ ಬಿದ್ದಿದ್ದರೆ ಬೆಸ್ಕಾಂನ 1912ಕ್ಕೆ ತಿಳಿಸಿ. ಲೈನ್ ಆಫ್ ಆಗಿದೆ ಎಂದು ಅವರು ಹೇಳುವವರೆಗೆ ಹತ್ತಿರ ಹೋಗಬೇಡಿ. ಗ್ಯಾಸ್ ಸೋರಿದರೆ ಸ್ವಿಚ್ ಹಾಕಲೂಬಾರದು, ಆರಿಸಲೂಬಾರದು. ಅಡುಗೆ ಅನಿಲ ಗಾಳಿಗಿಂತ ಭಾರ, ನೆಲದಲ್ಲೇ ಹರಡಿಕೊಳ್ಳುತ್ತದೆ. ರೆಗ್ಯುಲೇಟರ್ ಮುಚ್ಚಿ, ಬಾಗಿಲು ಕಿಟಕಿ ತೆರೆದು, ಹೊರಗೆ ಬಂದು 1906ಕ್ಕೆ ಕರೆ ಮಾಡಿ. ಸಣ್ಣ ಬೆಂಕಿಗೆ ಅಗ್ನಿಶಾಮಕ ಸಿಲಿಂಡರ್ ಸಾಕು. ಪಿನ್ ಕಿತ್ತು, ಬೆಂಕಿಯ ಬುಡಕ್ಕೆ ಗುರಿ ಇಟ್ಟು, ಹಿಡಿಕೆ ಒತ್ತಿ, ಆ ಕಡೆ ಈ ಕಡೆ ಬೀಸಬೇಕು. ಐದು ಸೆಕೆಂಡಿನಲ್ಲಿ ಬೆಂಕಿ ತಗ್ಗದಿದ್ದರೆ ಬಿಟ್ಟು ಹೊರಗೆ ಬನ್ನಿ.

ಹೆಜ್ಜೆ 4: ಗಾಯಾಳುಗಳನ್ನು ವಿಂಗಡಿಸುವುದು

ಈ ಪಾಠಕ್ಕೆ ಎರಡು ಭಾನುವಾರ ಕೊಡಿ. ಹತ್ತು ಜನಕ್ಕೆ ಗಾಯವಾಗಿದೆ, ಆಂಬುಲೆನ್ಸ್ ಒಂದೇ ಇದೆ. ಯಾರು ಮೊದಲು? ಜೋರಾಗಿ ಕೂಗುತ್ತಿರುವವರ ಕಡೆಗೇ ಎಲ್ಲರೂ ಓಡುತ್ತಾರೆ. ಕೂಗಲು ಅವರಿಗೆ ಉಸಿರಿದೆ. ಮೂಲೆಯಲ್ಲಿ ಸದ್ದಿಲ್ಲದೆ ಬಿದ್ದಿರುವವರನ್ನು ನೋಡುವವರಿಲ್ಲ.

ಅದಕ್ಕೇ ಒಬ್ಬೊಬ್ಬರಿಗೂ ಬಣ್ಣದ ಪಟ್ಟಿ ಕಟ್ಟಬೇಕು: ಕೆಂಪು ಪಟ್ಟಿಯವರು ಮೊದಲು, ಆಮೇಲೆ ಹಳದಿ, ಕೊನೆಗೆ ಹಸಿರು. ಕಪ್ಪು ಅಂದರೆ ಉಸಿರು ನಿಂತವರು. ವಿಂಗಡಿಸುವ ಕ್ರಮ ಹೀಗಿದೆ. ಮೊದಲು ಗಟ್ಟಿಯಾಗಿ ಕೂಗಿ: "ನಡೆಯಲು ಆಗುವವರೆಲ್ಲ ಎದ್ದು ಈ ಮರದ ಹತ್ತಿರ ಬನ್ನಿ." ಬಂದವರಿಗೆ ಹಸಿರು ಪಟ್ಟಿ. ಆಮೇಲೆ ನಿಮಗೆ ಹತ್ತಿರ ಇರುವವರಿಂದ ಶುರು ಮಾಡಿ. ಒಬ್ಬರಿಗೆ ಒಂದು ನಿಮಿಷಕ್ಕಿಂತ ಜಾಸ್ತಿ ಹೊತ್ತು ಕೊಡಬೇಡಿ.

ಉಸಿರು ನೋಡಿ. 15 ಸೆಕೆಂಡಿನಲ್ಲಿ 8 ಸಲ ಅಥವಾ ಅದಕ್ಕಿಂತ ಜಾಸ್ತಿ ಉಸಿರಾಡುತ್ತಿದ್ದರೆ ಕೆಂಪು ಪಟ್ಟಿ. ಉಸಿರು ಸರಿಯಿದ್ದರೆ ಉಗುರನ್ನು ಒತ್ತಿ ಬಿಡಿ. ಕೆಂಪು ಬಣ್ಣ ಮರಳಲು ಎರಡು ಸೆಕೆಂಡಿಗಿಂತ ಜಾಸ್ತಿ ಹಿಡಿದರೆ ಕೆಂಪು ಪಟ್ಟಿ. ಕತ್ತಲಲ್ಲಿ, ನಂದಿ ತಪ್ಪಲಿನ ಚಳಿಯಲ್ಲಿ ಉಗುರನ್ನು ನಂಬುವಂತಿಲ್ಲ. ಮಣಿಕಟ್ಟಿನ ನಾಡಿ ನೋಡಿ, ಅದು ಸಿಗದಿದ್ದರೆ ಕೆಂಪು. ಇದೂ ಸರಿಯಿದ್ದರೆ "ನನ್ನ ಬೆರಳು ಹಿಡ್ಕೊಳ್ಳಿ" ಅನ್ನಿ. ಹೇಳಿದ್ದನ್ನು ಮಾಡಲು ಆಗದಿದ್ದರೆ ಅದೂ ಕೆಂಪೇ. ಮೂರೂ ಸರಿಯಿದ್ದು ನಡೆಯಲು ಮಾತ್ರ ಆಗದವರಿಗೆ ಹಳದಿ. ವಿಂಗಡಿಸುವ ಹೊತ್ತಿನಲ್ಲಿ ಮಾಡಬಹುದಾದ ಚಿಕಿತ್ಸೆ ಎರಡೇ: ಉಸಿರಿನ ದಾರಿ ತೆರೆಯುವುದು, ಚಿಮ್ಮುವ ರಕ್ತವನ್ನು ಬಟ್ಟೆಯಿಂದ ಒತ್ತಿ ನಿಲ್ಲಿಸುವುದು. ಒತ್ತುವ ಕೆಲಸವನ್ನು ಹಸಿರು ಪಟ್ಟಿಯವರಿಗೇ ವಹಿಸಿ ನೀವು ಮುಂದೆ ಹೋಗಬಹುದು.

ಉಸಿರೇ ಇಲ್ಲದವರು? ತಲೆಯನ್ನು ಹಿಂದಕ್ಕೆ ಬಾಗಿಸಿ, ಗದ್ದ ಎತ್ತಿ. ಉಸಿರು ಬಂದರೆ ಕೆಂಪು. ಬಾರದಿದ್ದರೆ ಕಪ್ಪು ಪಟ್ಟಿ ಕಟ್ಟಿ ಮುಂದಿನವರ ಹತ್ತಿರ ಹೋಗಬೇಕು. ಒಬ್ಬರೇ ಕುಸಿದು ಬಿದ್ದಿದ್ದರೆ ಎದೆ ಒತ್ತುವುದು ಸರಿ. ನಿಮಿಷಕ್ಕೆ 100ರಿಂದ 120 ಸಲ, ಐದು ಸೆಂಟಿಮೀಟರ್ ಆಳಕ್ಕೆ, ಆಂಬುಲೆನ್ಸ್ ಬರುವ ತನಕ. ಆದರೆ ಹತ್ತು ಜನ ಬಿದ್ದಿರುವಲ್ಲಿ ಒಬ್ಬರ ಮೇಲೆ ಅರ್ಧ ಗಂಟೆ ಕಳೆದರೆ, ಬದುಕಬಹುದಾಗಿದ್ದ ಇಬ್ಬರು ಅಷ್ಟರಲ್ಲಿ ಹೋಗಿಬಿಟ್ಟಿರುತ್ತಾರೆ. ಸ್ವಂತ ಬೀದಿಯಲ್ಲಿ ಆ ಕಪ್ಪು ಪಟ್ಟಿ ಕಟ್ಟುವುದು ನೆಂಟರಿಗೋ ಗೆಳೆಯರಿಗೋ ಆಗಬಹುದು. ಇದನ್ನು ಮುಚ್ಚಿಡದೆ ತರಬೇತಿಯಲ್ಲೇ ಮಾತಾಡಿ. ನನ್ನಿಂದ ಆಗದು ಅನ್ನುವವರಿಗೆ ಬೇರೆ ಕೆಲಸ ಕೊಡಿ. ಅದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ.

ಅಭ್ಯಾಸಕ್ಕೆ ಚೀಟಿಗಳು ಸಾಕು. "ಉಸಿರು 15 ಸೆಕೆಂಡಿಗೆ 9", "ನಾಡಿ ಇದೆ, ಮಾತು ತಿಳಿಯುತ್ತಿಲ್ಲ" ಎಂದು ಬರೆದು ಒಬ್ಬೊಬ್ಬರ ಎದೆಗೆ ಅಂಟಿಸಿ, ಶಾಲೆಯ ಮೈದಾನದಲ್ಲಿ ಮಲಗಿಸಿ. ದರ್ಜಿ ಅಂಗಡಿಯ ತುಂಡು ಬಟ್ಟೆಯಿಂದ ನಾಲ್ಕು ಬಣ್ಣದ ಪಟ್ಟಿ ಮಾಡಿಕೊಳ್ಳಿ. ಮುಗಿದ ಮೇಲೆ ಯಾರಿಗೆ ಯಾವ ಬಣ್ಣ ಬಿತ್ತು, ಯಾಕೆ ಬಿತ್ತು ಎಂದು ಎಲ್ಲರೂ ಕೂತು ನೋಡಿ. ಎರಡು ಮೂರು ಸಲ ಮಾಡಿದ ಮೇಲೆ ಕೈ ತಾನಾಗಿ ನಡೆಯುತ್ತದೆ.

ಹೆಜ್ಜೆ 5: ಕಲ್ಲು ಎತ್ತುವುದು, ಮನೆ ಹುಡುಕುವುದು

ನಮ್ಮ ಕಡೆ ಚಪ್ಪಡಿ ಕಲ್ಲಿಗೆ ಬರವಿಲ್ಲ, ಅಭ್ಯಾಸಕ್ಕೂ ಅದೇ ಇರಲಿ. ಸಿಕ್ಕಿಬಿದ್ದವರ ಬದಲಿಗೆ ಚಪ್ಪಡಿಯ ಅಡಿಯಲ್ಲಿ ಮರಳಿನ ಚೀಲ ಇಡಿ. ಹಾರೆಗೆ ಒತ್ತು ಕಲ್ಲು ಕೊಟ್ಟು ನಿಧಾನವಾಗಿ ಮೀಟಬೇಕು. ಒತ್ತು ಕಲ್ಲು ಚಪ್ಪಡಿಗೆ ಹತ್ತಿರ ಇದ್ದಷ್ಟೂ ಶ್ರಮ ಕಡಿಮೆ. ಒಂದು ಇಂಚು ಮೇಲೆದ್ದ ತಕ್ಷಣ ಎರಡು ಮರದ ತುಂಡು ಒಳಗೆ ಸೇರಿಸಿ, ಮತ್ತೆ ಮೀಟಿ, ಅದರ ಮೇಲೆ ಅಡ್ಡಲಾಗಿ ಇನ್ನೆರಡು. ಹಾರೆ ಜಾರಿದರೂ ಕಲ್ಲು ಕೆಳಗೆ ಬೀಳಬಾರದು. ಎತ್ತು, ನಿಲ್ಲಿಸು ಎಂದು ಹೇಳುವ ಬಾಯಿ ಒಂದೇ ಇರಲಿ. ಕೈಕಾಲು ಬಹಳ ಹೊತ್ತು ಭಾರದ ಅಡಿಯಲ್ಲಿ ನಜ್ಜಾಗಿದ್ದರೆ ಭಾರವನ್ನು ದಿಢೀರ್ ಎಂದು ತೆಗೆಯಬೇಡಿ. ಅಲ್ಲಿ ಕಟ್ಟಿಕೊಂಡ ವಿಷ ರಕ್ತಕ್ಕೆ ನುಗ್ಗಿ ಹೃದಯ ನಿಲ್ಲಬಹುದು. ವೈದ್ಯಕೀಯ ತಂಡ ಬರಲಿ, ಅಲ್ಲಿಯವರೆಗೆ ಅವರ ಜೊತೆ ಮಾತಾಡುತ್ತಾ ಇರಿ.

ಹುಡುಕುವಾಗ ಒಮ್ಮೆ ಕೂಗಿ, ಆಮೇಲೆ ಎಲ್ಲರೂ ಸುಮ್ಮನಾಗಿ. ಸೀಟಿ ಊದಿದರೆ ಇಡೀ ಬೀದಿ ಮೌನವಾಗಬೇಕು ಎಂಬ ನಿಯಮ ಮಾಡಿಕೊಳ್ಳಿ. ಮನೆಯೊಳಗೆ ಹೋಗುವಾಗ ಬಾಗಿಲ ಪಕ್ಕ ಸೀಮೆಸುಣ್ಣದಿಂದ ಒಂದು ಓರೆ ಗೆರೆ ಎಳೆಯಿರಿ. ಹೊರಗೆ ಬಂದ ಮೇಲೆ ಅದರ ಮೇಲೆ ಇನ್ನೊಂದು ಓರೆ ಗೆರೆ ಎಳೆದು ತಂಡದ ಹೆಸರು, ಸಮಯ, ಒಳಗಿನ ಅಪಾಯ, ಇನ್ನೂ ಒಳಗೇ ಇರುವವರ ಸಂಖ್ಯೆ ಬರೆಯಿರಿ. ಹಿಂದೆ ಬರುವ ಅಗ್ನಿಶಾಮಕದವರು ಅದೇ ಮನೆಯನ್ನು ಮತ್ತೆ ಹುಡುಕುವುದು ತಪ್ಪುತ್ತದೆ.

ಹೆಜ್ಜೆ 6: ಕೆರೆ ಕೋಡಿ ಮತ್ತು ಕೃಷಿ ಹೊಂಡ

ಎಷ್ಟೋ ವರ್ಷಕ್ಕೊಮ್ಮೆ ಕೋಡಿ ಬೀಳುವ ಕೆರೆ ಅಂದರೆ ನಮಗೆ ಹಬ್ಬ. ಮಕ್ಕಳನ್ನು ಕರೆದುಕೊಂಡು ನೋಡಲು ಹೋಗುತ್ತೇವೆ. ಹರಿಯುವ ನೀರು 15 ಸೆಂಟಿಮೀಟರ್ ಇದ್ದರೂ ದೊಡ್ಡವರ ಕಾಲು ಜಾರಿಸಬಲ್ಲದು. 30 ಸೆಂಟಿಮೀಟರ್ ನೀರು ಸಣ್ಣ ಕಾರನ್ನು ತೇಲಿಸುತ್ತದೆ. ಕೋಡಿ ಬಿದ್ದ ದಿನ ತಂಡದವರು ಎರಡೂ ದಡದಲ್ಲಿ ಹಗ್ಗ ಕಟ್ಟಿ ನಿಲ್ಲಬೇಕು.

ಕೃಷಿ ಹೊಂಡ ಇನ್ನೂ ಅಪಾಯ. ತಳಕ್ಕೆ ಹಾಸಿದ ಪ್ಲಾಸ್ಟಿಕ್ ಹಾಳೆ ಪಾಚಿಗಟ್ಟಿ ಜಾರುತ್ತದೆ, ಈಜು ಬರುವವರಿಗೂ ಮೇಲೆ ಹತ್ತಲು ಹಿಡಿ ಸಿಗುವುದಿಲ್ಲ. ಒಬ್ಬರನ್ನು ಕಾಪಾಡಲು ಇನ್ನೊಬ್ಬರು ಇಳಿದು ಇಬ್ಬರೂ ಹೋಗುತ್ತಾರೆ. ಊರಿನ ಪ್ರತಿ ಹೊಂಡದ ನಾಲ್ಕು ಬದಿಗೂ ಗೂಟ ನೆಟ್ಟು, ಮಾರಿಗೊಂದು ಗಂಟು ಹಾಕಿದ ಹಗ್ಗವನ್ನು ನೀರಿನ ತನಕ ಇಳಿಬಿಡಿಸಿ. ಪಕ್ಕದಲ್ಲಿ ಗಾಳಿ ತುಂಬಿದ ಹಳೆಯ ಟ್ಯೂಬ್ ಇರಲಿ. ಸ್ವಯಂಸೇವಕರಿಗೆ ಕಲಿಸಬೇಕಾದದ್ದು ಎಸೆಯುವುದನ್ನು. ಬಿಗಿಯಾಗಿ ಮುಚ್ಚಿದ ಐದು ಲೀಟರಿನ ಖಾಲಿ ಕ್ಯಾನಿಗೆ ಹಗ್ಗ ಕಟ್ಟಿ, ಗುರಿ ಇಟ್ಟು ಎಸೆಯಲಿ. ಎಳೆಯುವಾಗ ನೆಲಕ್ಕೆ ಮಲಗಿ ಎಳೆಯಲಿ. ನೀರಿಗೆ ಯಾರೂ ಹಾರಬಾರದು.

ಹೆಜ್ಜೆ 7: ಅಣಕು ಪ್ರದರ್ಶನ, ಆಮೇಲಿನ ದಿನಗಳು

ಕೊನೆಯ ಭಾನುವಾರ ಒಂದು ಗೋಡೆ ಕುಸಿತವನ್ನು ನಟಿಸಿ. ಒಬ್ಬರು ನಾಯಕರು, ಒಬ್ಬರು ನೋಟ್‌ಬುಕ್ ಹಿಡಿದವರು, ಒಬ್ಬರು 112ಕ್ಕೆ ಹೇಳುವವರು, ಇಬ್ಬರು ಜನರನ್ನು ದೂರ ನಿಲ್ಲಿಸುವವರು, ಉಳಿದವರು ಜೋಡಿಗಳು. ಅಗ್ನಿಶಾಮಕದವರು ಬಂದ ಕೂಡಲೇ ನಾಯಕರು ನೋಟ್‌ಬುಕ್ ಒಪ್ಪಿಸಬೇಕು. ಎಷ್ಟು ಜನ ಸಿಕ್ಕರು, ಎಲ್ಲಿಗೆ ಕಳಿಸಿದಿರಿ, ಯಾರು ಇನ್ನೂ ಒಳಗಿದ್ದಾರೆ ಎನ್ನುವುದು ಎರಡು ನಿಮಿಷದಲ್ಲಿ ಹೇಳಿ ಮುಗಿಯಬೇಕು. ಅಲ್ಲಿಂದ ಅವರು ಹೇಳಿದ ಹಾಗೆ ಕೆಲಸ.

ನಿಜವಾದ ಅನಾಹುತ ಕಂಡವರು ಒಂದೆರಡು ವಾರ ನಿದ್ದೆಗೆಡುವುದು ಸಹಜ. ಮೂರು ದಿನದೊಳಗೆ ತಂಡ ಒಮ್ಮೆ ಸೇರಿ ಮಾತಾಡಲಿ. ಆಮೇಲೂ ಸರಿಹೋಗದವರಿಗೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಸಂಖ್ಯೆ ಕೊಡಿ, ಅಲ್ಲಿ ಕನ್ನಡದಲ್ಲೇ ಮಾತಾಡಬಹುದು.

ಮುಂಗಾರಿಗೆ ಮೊದಲು ಮೇ ತಿಂಗಳಲ್ಲಿ, ಚಂಡಮಾರುತದ ಮಳೆಗೆ ಮೊದಲು ಸೆಪ್ಟೆಂಬರ್ ಕೊನೆಗೆ, ಹೀಗೆ ವರ್ಷಕ್ಕೆ ಎರಡು ಸಲ ಅಣಕು ಪ್ರದರ್ಶನ ಮತ್ತೆ ನಡೆಯಲಿ. ಅದೇ ದಿನ ಬೀದಿಯ ನಕ್ಷೆಯಲ್ಲಿ ಹೊಸ ಬಾಡಿಗೆದಾರರ ಹೆಸರು ಸೇರಿಸಿ, ಟಾರ್ಚಿನ ಬ್ಯಾಟರಿ ಬದಲಿಸಿ, ಹೊಂಡದ ಹಗ್ಗಗಳನ್ನು ಎಳೆದು ನೋಡಿ. ಬಿಸಿಲಿಗೆ ಅವು ಬೇಗ ಲಡ್ಡಾಗುತ್ತವೆ.