ಬಗ್ಗಿದ ದೋಣಿ ಟ್ರಾಲಿಯ ಆಕ್ಸಲನ್ನು ಬೆಂಕಿ ತಾಗಿಸದೆ ನೆಟ್ಟಗೆ ಮಾಡಿದ ನನ್ನ ಅನುಭವ

ಮೀನುಗಾರಿಕೆ ನಿಷೇಧದಿಂದಾಗಿ ಜೂನ್ 1ರಿಂದ 61 ದಿನ ದೊಡ್ಡ ಬೋಟುಗಳೆಲ್ಲ ಬಂದರಿನಲ್ಲಿ ಲಂಗರು ಹಾಕಿ ನಿಲ್ಲುವ ಹೊತ್ತಿಗೆ ನಮ್ಮ ಕರಾವಳಿಯ ನಾಡದೋಣಿಯವರಿಗೆ ದುಡಿಮೆಯ ಕಾಲ ಶುರುವಾಗುತ್ತದೆ. ಹಾಗಾಗಿ ಮೇ ತಿಂಗಳಲ್ಲಿ ಫೈಬರ್ ಕೆಲಸಕ್ಕೆ ಹೋದ ದೋಣಿ ಮಳೆ ಹಿಡಿಯುವ ಮೊದಲೇ ಕಡಲ ಬದಿಗೆ ವಾಪಸು ಬರಬೇಕು. ಎರಡು ವರ್ಷದ ಹಿಂದೆ ಮೇ ಕೊನೆಯ ವಾರದಲ್ಲಿ ಅಂಥದ್ದೊಂದು 28 ಅಡಿಯ ದೋಣಿಯನ್ನು ಗಂಗೊಳ್ಳಿ ಕಡೆಗೆ ತರುತ್ತಿದ್ದಾಗ ಟ್ರಾಲಿಯ ಎಡಚಕ್ರ ಡಾಂಬರಿನ ಅಂಚಿನಿಂದ ಜಾರಿ ಚರಂಡಿಗೆ ಬಡಿಯಿತು. ದೋಣಿಗೆ ಏನೂ ಆಗಲಿಲ್ಲ, ಆದರೆ ಎರಡೂ ಚಕ್ರಗಳನ್ನು ಹೊರುವ, ಒಳಗೆ ಪೊಳ್ಳಿಲ್ಲದ 63 ಮಿ.ಮೀ. ಚೌಕದ ಗಟ್ಟಿ ಆಕ್ಸಲ್ ಎಡಗಡೆಯ ಕಮಾನು ಪಟ್ಟಿಯ ಹೊರಗೆ, ಚಕ್ರ ಕೂರುವ ತುದಿಯಾದ ಸ್ಪಿಂಡಲ್‌ನಿಂದ ಸುಮಾರು ಒಂದು ಅಡಿ ಒಳಗೆ, ಹಿಂದಕ್ಕೂ ಮೇಲಕ್ಕೂ ಬಗ್ಗಿತು.

ಹಬ್ (ಚಕ್ರದ ನಡುವಿನ ತಿರುಗುವ ಭಾಗ) ಸಮೇತ ಹೊಸ ಆಕ್ಸಲ್ ಹಾಕಿಸಿದರೆ ಹದಿನಾಲ್ಕರಿಂದ ಹದಿನಾರು ಸಾವಿರ ರೂಪಾಯಿ ಆಗುತ್ತಿತ್ತು, ಅದರ ಮೇಲೆ ಎಂಟು ಹತ್ತು ದಿನ ಕಾಯಬೇಕಿತ್ತು. ದೋಣಿಯವರಿಗೆ ಹಣಕ್ಕಿಂತ ದಿನಗಳ ಚಿಂತೆಯೇ ಹೆಚ್ಚಾಗಿತ್ತು. ನಾನು ಇದನ್ನೇ ನೆಟ್ಟಗೆ ಮಾಡಿ ಕೊಡುತ್ತೇನೆ ಎಂದಾಗ, ನನಗಿಂತ ಹಿರಿಯರಾದ ಪಕ್ಕದ ವರ್ಕ್‌ಶಾಪಿನವರು, "ಅದು ನಾಯಿಬಾಲ ನೆಟ್ಟಗೆ ಮಾಡಿದ ಹಾಗೆ ಮಾರಾಯ್ರೇ, ಲೋಡ್ ಬಿದ್ದ ದಿನ ಮತ್ತೆ ಬಗ್ಗುತ್ತದೆ, ಇಲ್ಲದಿದ್ದರೆ ತುಂಡಾಗುತ್ತದೆ" ಎಂದರು. ಅವರ ಮಾತಿಗೆ ಕಾರಣವಿತ್ತು. ಅದಕ್ಕೂ ನಾಲ್ಕು ವರ್ಷ ಮೊದಲು ನಾನೇ ಒಂದು ಆಕ್ಸಲನ್ನು ಗ್ಯಾಸಿನಲ್ಲಿ ಕೆಂಪಗೆ ಕಾಯಿಸಿ, ಸುತ್ತಿಗೆಯಿಂದ ಬಡಿದು ನೆಟ್ಟಗೆ ಮಾಡಿ, ಅವಸರಕ್ಕೆ ನೀರು ಸುರಿದಿದ್ದೆ. ಅದು ಇಂಗಾಲ ಹೆಚ್ಚಿರುವ ಉಕ್ಕು ಎಂಬುದನ್ನು ಗಮನಿಸಿರಲಿಲ್ಲ. ನೀರು ಬಿದ್ದ ಜಾಗ ಗಾಜಿನ ಹಾಗೆ ಗಡುಸಾಗಿ, ಮೂರೇ ತಿಂಗಳಲ್ಲಿ ಅಲ್ಲಿಯೇ ಕತ್ತರಿಸಿ ಹೋಯಿತು. ಆ ಟ್ರಾಲಿಗೆ ಹೊಸ ಆಕ್ಸಲನ್ನು ನನ್ನ ಕೈಯಿಂದ ಹಾಕಿಕೊಟ್ಟೆ. ಅಂದಿನಿಂದ ಆಕ್ಸಲಿಗೆ ಬೆಂಕಿ ತೋರಿಸುವುದನ್ನು ಬಿಟ್ಟಿದ್ದೇನೆ.

ಈ ಸಲ ಮೊದಲ ದಿನ ಮಾಡಿದ್ದೂ ತಪ್ಪೇ. ಆಕ್ಸಲನ್ನು ಕಳಚದೆ, ಟ್ರಾಲಿಯ ಚೌಕಟ್ಟಿನ ಚಾನೆಲಿಗೆ ಸರಪಣಿ ಸುತ್ತಿ, ಹತ್ತು ಟನ್ನಿನ ಜಾಕಿ ಇಟ್ಟು ಒತ್ತಿದೆ. ಆಕ್ಸಲ್ ಕದಲುವ ಮೊದಲು ಚಾನೆಲ್ ತಿರುಚಿಕೊಂಡಿತು, ಸರಪಣಿಯ ಕೊಂಡಿ ಹಿಗ್ಗಿತು, ಕೊನೆಗೆ ಜಾಕಿಯ ಸೀಲ್ ಹೋಗಿ ಎಣ್ಣೆ ಸುರಿಯಿತು. ಚಾನೆಲ್ ಸರಿಪಡಿಸಲು ಅರ್ಧ ದಿನದ ಕೂಲಿ ಕಳೆದುಕೊಂಡೆ. ಆ ರಾತ್ರಿ ಆಕ್ಸಲನ್ನು ಪೂರ್ತಿ ಬಿಚ್ಚಿ, ಹಬ್ ತೆಗೆದು, ಎರಡು ಮರದ ದಿಮ್ಮಿಗಳ ಮೇಲೆ ಮಲಗಿಸಿದೆ.

ಬಿಚ್ಚುವ ಮೊದಲೇ ಅಳತೆ ತೆಗೆದಿಟ್ಟಿದ್ದೆ. ಚಕ್ರ ಎತ್ತಿ ತಿರುಗಿಸುತ್ತ ಟಯರಿನ ನಡುವೆ ಮೊಳೆಯಿಂದ ಗೆರೆ ಎಳೆದು, ಹಬ್ಬಿನ ಎತ್ತರದಲ್ಲಿ ಎರಡೂ ಚಕ್ರಗಳ ಗೆರೆಗಳ ಅಂತರವನ್ನು ಮುಂದೆ ಒಮ್ಮೆ, ಹಿಂದೆ ಒಮ್ಮೆ ಅಳೆದಾಗ ಮುಂದಿನದು ಸುಮಾರು 35 ಮಿ.ಮೀ. ಹೆಚ್ಚಿತ್ತು. ತೂಗುಗುಂಡು ಇಳಿಬಿಟ್ಟಾಗ ಎಡ ಟಯರಿನ ತಲೆ 22 ಮಿ.ಮೀ.ಯಷ್ಟು ಒಳಕ್ಕೆ ವಾಲಿತ್ತು. ರಿಮ್ಮೇ ಡೊಂಕಾಗಿದ್ದರೆ ಈ ಅಳತೆ ಮೋಸ ಮಾಡುತ್ತದೆ. ಆದ್ದರಿಂದ ಚಕ್ರವನ್ನು ಅರ್ಧ ಸುತ್ತು ತಿರುಗಿಸಿ ಇನ್ನೊಮ್ಮೆ ನೋಡಬೇಕು. ಬಿಚ್ಚಿದ ಮೇಲೆ ಆಕ್ಸಲಿನ ನೆಟ್ಟಗಿರುವ ಭಾಗಕ್ಕೆ ಅಲ್ಯೂಮಿನಿಯಂ ಪಟ್ಟಿ ಬಿಗಿದು ಅಳೆದರೆ, ಸ್ಪಿಂಡಲ್ ಹಿಂದಕ್ಕೆ 16, ಮೇಲಕ್ಕೆ 10 ಮಿ.ಮೀ. ಸರಿದಿತ್ತು.

ನಮ್ಮವರೆಲ್ಲ ಎಡವುವುದು ಇಲ್ಲೇ, ಹಿಂದೆ ನಾನೂ ಎಡವಿದ್ದೆ. ಹಿಂದಕ್ಕೆ ಹೋದದ್ದನ್ನು ಒಂದು ಸಲ, ಮೇಲಕ್ಕೆ ಹೋದದ್ದನ್ನು ಇನ್ನೊಂದು ಸಲ ಎಂದು ಬೇರೆ ಬೇರೆಯಾಗಿ ಒತ್ತಲು ಹೊರಡುತ್ತೇವೆ. ಎರಡನೆಯದನ್ನು ಸರಿಮಾಡುವಷ್ಟರಲ್ಲಿ ಮೊದಲನೆಯದು ಕೆಡುತ್ತದೆ, ಬಾಗಿದ ಜಾಗದ ಪಕ್ಕದಲ್ಲಿ ಹೊಸದೊಂದು ಬಾಗು ಹುಟ್ಟುತ್ತದೆ. ನಿಜವಾಗಿ ಅಲ್ಲಿರುವುದು ಎರಡು ಬಾಗು ಅಲ್ಲ; ಓರೆಯಾಗಿ ಬಿದ್ದಿರುವ ಒಂದೇ ಬಾಗು. ಕಾಗದದ ಮೇಲೆ ಅಡ್ಡಕ್ಕೆ 16, ಉದ್ದಕ್ಕೆ 10 ಗುರುತು ಹಾಕಿ ಮೂಲೆಯಿಂದ ಮೂಲೆಗೆ ಗೆರೆ ಎಳೆದರೆ ಸುಮಾರು 19 ಬರುತ್ತದೆ. ಆ ಗೆರೆ ಯಾವ ಕಡೆಗೆ ವಾಲಿದೆಯೋ ಆ ಓರೆಯಲ್ಲಿಯೇ ಜಾಕಿ ಒತ್ತಬೇಕು. ಅಂದರೆ ಜಾಕಿ ಕೂರಬೇಕಾದದ್ದು ಚಪ್ಪಟೆ ಮೈಯ ಮೇಲಲ್ಲ, ಮುಂದಿನ ಕೆಳ ಅಂಚಿನ ಮೇಲೆ. ಅಂಚಿನ ಮೇಲೆ ಜಾಕಿ ನಿಲ್ಲುವುದಿಲ್ಲ ಎಂದು ಎಲ್ಲರೂ ಹೇಳಿದರು. ನಿಲ್ಲುವಂತೆ, ಜಾಕಿಗೂ ಆಕ್ಸಲಿಗೂ ನಡುವೆ ಇಡಲು, ಅಂಚು ಕೂರುವ ತಗ್ಗಿರುವ ಒಂದು ಕಟ್ಟೆ ಕೊರೆದುಕೊಂಡೆ. ಅದರ ಕೋನ ಮತ್ತು ಜಾರದಂತೆ ಅದರೊಳಗೆ ಏನು ಹಾಸಿದೆ ಎಂಬ ಎರಡು ಸಂಗತಿಗಳನ್ನು ಇಲ್ಲಿ ಬರೆಯುವುದಿಲ್ಲ. ಆರು ಸಲ ಕೊರೆದು ಹಾಳುಮಾಡಿದ ಮೇಲೆ ಸಿಕ್ಕಿದ್ದು ಅದು.

ಒತ್ತಲು ಆಧಾರವಾಗಿ ಗುಜರಿಯಿಂದ ಎಂಟು ಇಂಚಿನ ಐ-ಸೆಕ್ಷನ್ (I ಅಕ್ಷರದ ಆಕಾರದ ಕಬ್ಬಿಣದ ತೊಲೆ) ತುಂಡು ತಂದೆ. ಅರವತ್ತು ಕಿಲೋ ಹತ್ತಿರ ತೂಗಿತು, ಎರಡೂವರೆ ಸಾವಿರದ ಮೇಲಾಯಿತು. ಸರಪಣಿಯ ಬದಲು ಲಾರಿಯ ಹಳೆಯ ಯು ಬೋಲ್ಟುಗಳನ್ನು ಹಾಕಿದೆ. ಒಂದನ್ನು ಸ್ಪಿಂಡಲ್‌ನ ಭುಜಕ್ಕೆ ತಾಗಿ ಚೌಕ ಭಾಗದ ಮೇಲೆ, ಇನ್ನೊಂದನ್ನು ಬಾಗಿನಿಂದ ಎರಡು ಅಡಿ ಒಳಗೆ. ಬೇರಿಂಗ್ ಕೂರುವ ಜಾಗಕ್ಕೆ ಯಾವ ಭಾರವೂ ಬೀಳಬಾರದು, ಬಿದ್ದರೆ ಮಾಡಿದ ಕೆಲಸವೆಲ್ಲ ವ್ಯರ್ಥ. ಇಪ್ಪತ್ತು ಟನ್ನಿನ ಜಾಕಿಯನ್ನು ಹೊಸದಾಗಿಯೇ ಕೊಂಡೆ. ಮೂರು ಸಾವಿರದ ಇನ್ನೂರೋ ಮುನ್ನೂರೋ ಇರಬೇಕು.

ಒತ್ತುವಾಗ ಕಣ್ಣಂದಾಜಿಗೆ ಬೆಲೆಯಿಲ್ಲ. ಮೊದಲ ಸಲ ಆರು ಮಿ.ಮೀ. ಒತ್ತಿ ಬಿಟ್ಟೆ, ಕಬ್ಬಿಣ ಪೂರ್ತಿ ಹಿಂದಕ್ಕೆ ಬಂತು. ಹನ್ನೆರಡಕ್ಕೆ ಒತ್ತಿದಾಗ ನಾಲ್ಕೋ ಐದೋ ಉಳಿಯಿತು. ಹೀಗೆ ಪ್ರತಿ ಸಲವೂ ಏಳೆಂಟು ಮಿ.ಮೀ. ಹಿಂದೆ ಚಿಮ್ಮುತ್ತದೆ ಎಂಬ ಲೆಕ್ಕ ಕೈಗೆ ಹತ್ತಿದ ಮೇಲೆ ಕೆಲಸ ಸುಲಭವಾಯಿತು. ಕೊನೆಯ ಒತ್ತಡ 27ರವರೆಗೆ ಹೋಯಿತು. ಆಗ ಜಾಕಿಯ ಹಿಡಿಯ ಮೇಲೆ ನನ್ನ ಪೂರ್ತಿ ಭಾರ ಬಿಟ್ಟಿದ್ದೆ. ಯು ಬೋಲ್ಟಿನಿಂದ ಹಳೆಯ ತುಕ್ಕು ಪದರು ಪದರಾಗಿ ಎದ್ದು ಪಟಪಟನೆ ನೆಲಕ್ಕೆ ಬೀಳುತ್ತಿತ್ತು. ಬೋಲ್ಟಿನ ನೇರಕ್ಕೆ ಯಾರನ್ನೂ ನಿಲ್ಲಲು ಬಿಡಲಿಲ್ಲ. ಜಾಕಿ ಬಿಚ್ಚಿದಾಗ ಉಳಿದ ವ್ಯತ್ಯಾಸ ಒಂದು ಮಿ.ಮೀ.ಗಿಂತ ಕಡಿಮೆ.

ಬಿರುಕು ನೋಡಲು ಔಟ್‌ಬೋರ್ಡ್ ಇಂಜಿನ್ನಿಗೆ ದೋಣಿಯವರು ತಂದಿಟ್ಟಿದ್ದ ಸೀಮೆಎಣ್ಣೆಯನ್ನೇ ಒಂದು ಲೋಟ ಕೇಳಿ ಪಡೆದೆ. ಬಾಗಿದ್ದ ಜಾಗವನ್ನು ತಂತಿ ಬ್ರಷ್‌ನಿಂದ ಹೊಳೆಯುವಂತೆ ಉಜ್ಜಿ, ಸೀಮೆಎಣ್ಣೆ ಸವರಿ, ಅರ್ಧ ಗಂಟೆ ಬಿಟ್ಟು, ಒಣಗಿಸಿ ಒರೆಸಿ, ತೆಳುವಾಗಿ ಸುಣ್ಣ ಬಳಿದೆ. ಬಿರುಕಿದ್ದರೆ ಸುಣ್ಣದ ಮೇಲೆ ಕೂದಲಿನಂಥ ಒದ್ದೆ ಗೆರೆ ಮೂಡುತ್ತದೆ. ರಾತ್ರಿ ಹನ್ನೊಂದಕ್ಕೂ ಮಾರನೆಯ ಬೆಳಗ್ಗೆಯೂ ಟಾರ್ಚ್ ಹಿಡಿದು ನೋಡಿದೆ. ಸುಣ್ಣ ಬೆಳ್ಳಗೇ ಇತ್ತು.

ಇದೇ ಉಮೇದಿನಲ್ಲಿ ಮುಂದೆ ಪೊಳ್ಳು ಚೌಕ ಪೈಪಿನ ಆಕ್ಸಲನ್ನೂ ಪ್ರಯತ್ನಿಸಿದೆ. ಒಳಗೆ ಒಣ ಮರಳು ತುಂಬಿ ಎರಡೂ ಬಾಯಿ ಬೆಸೆದರೂ ಜಾಕಿ ಕೂತ ಜಾಗ ಒಳಕ್ಕೆ ತಗ್ಗಾಯಿತು. ಮರಳಿನ ಬದಲು ಗಟ್ಟಿ ಮರದ ತುಂಡು ಬಡಿದು ನೋಡಿದೆ, ತಗ್ಗು ಸ್ವಲ್ಪ ಕಡಿಮೆಯಾಯಿತು, ಅಷ್ಟೆ. ಮೇಲಾಗಿ ಉಪ್ಪುನೀರಿಗೆ ಪೈಪು ಒಳಗಿನಿಂದ ತಿಂದುಹೋಗಿರುತ್ತದೆ, ಹೊರಗೆ ಕಾಣುವುದಿಲ್ಲ. ಪೊಳ್ಳು ಆಕ್ಸಲ್ ತಂದವರಿಗೆ ಈಗ ಹೊಸದನ್ನೇ ಹಾಕಿಸಲು ಹೇಳುತ್ತೇನೆ.

ಹಬ್ಬಿನಲ್ಲಿ ಬೇರಿಂಗುಗಳು ಆಗಲೇ ತುಕ್ಕು ಹಿಡಿದಿದ್ದವು. ಓಡಿ ಬಿಸಿಯಾದ ಹಬ್ಬನ್ನು ನೇರವಾಗಿ ನೀರಿಗೆ ಇಳಿಸಿದರೆ ಒಳಗಿನ ಗಾಳಿ ತಣಿದು ಕುಗ್ಗಿ, ಸೀಲಿನ ಮೂಲಕ ಉಪ್ಪುನೀರನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ದಡದಲ್ಲಿ ಅರ್ಧ ಗಂಟೆ ನಿಲ್ಲಿಸಿ, ಕೈ ಇಟ್ಟು ತಣ್ಣಗಿದೆಯೆಂದು ನೋಡಿ ಇಳಿಸಿ ಎಂದು ಎಷ್ಟು ಹೇಳಿದರೂ ಯಾರೂ ಕೇಳುವುದಿಲ್ಲ. ಬೇರಿಂಗ್, ಸೀಲ್, ಗ್ರೀಸಿಗೆ ಎರಡು ಸಾವಿರದ ನಾನೂರರ ಆಸುಪಾಸು ಹೋಯಿತು.

ಎಲ್ಲ ಜೋಡಿಸಿದ ಮೇಲೆ ಮುಂದಿನ ಅಂತರ ಹಿಂದಿನದಕ್ಕಿಂತ 2 ಮಿ.ಮೀ. ಕಡಿಮೆ ಬಂತು, ನನಗೆ ಬೇಕಾದದ್ದೂ ಅದೇ. ಬೇರಿಂಗ್ ಸೇರಿ ಆರೂವರೆ ಸಾವಿರ ತೆಗೆದುಕೊಂಡೆ. ಜಾಕಿ ಮತ್ತು ಐ-ಸೆಕ್ಷನ್ ಲೆಕ್ಕ ಹಿಡಿದರೆ ಆ ಕೆಲಸದಲ್ಲಿ ನನಗೆ ನಷ್ಟವೇ; ಆಮೇಲೆ ಬಂದ ಐದು ಆಕ್ಸಲುಗಳಲ್ಲಿ ಅದು ಹುಟ್ಟಿತು. ಮೇ 30ರ ಸಂಜೆ ದೋಣಿ ಊರು ಸೇರಿತು. ಈ ವರ್ಷ ಮೇ ತಿಂಗಳಲ್ಲಿ ಅದೇ ಟ್ರಾಲಿ ಗ್ರೀಸಿಗೆ ಬಂದಾಗ ಮತ್ತೆ ಗೆರೆ ಎಳೆದು ಅಳೆದೆ. ಎರಡರ ಜಾಗದಲ್ಲಿ ಒಂದೂವರೆ ಇತ್ತು, ಎಡ ಟಯರ್ ಎರಡೂ ಅಂಚಿನಲ್ಲಿ ಸಮನಾಗಿ ಸವೆದಿತ್ತು. ಪಕ್ಕದ ವರ್ಕ್‌ಶಾಪಿನವರನ್ನು ಕರೆದು ಅವರ ಕೈಯಲ್ಲೇ ಟೇಪು ಕೊಟ್ಟು ಅಳೆಸಿದೆ.